ಎದೆಮಟ್ಟದ ನೀರು, ಮಿದುಳಿಗೆ ಹಬ್ಬ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರ. ಅಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಂದು ಖಾಲಿ ತೊಟ್ಟಿ, ಅದರೊಳಗೆ ಸುಮ್ಮನೆ ನಿಂತಿರುವ ಒಬ್ಬ ಆರೋಗ್ಯವಂತ ಯುವಕ. ಅವನ ಕಣತಲೆಯ ಹತ್ತಿರ, ತಲೆಬುರುಡೆಯ ಮೂಳೆ ತೆಳುವಾಗಿರುವ ಜಾಗದಲ್ಲಿ, ಅಲ್ಟ್ರಾಸೌಂಡ್ ಉಪಕರಣವೊಂದನ್ನು ಕಟ್ಟಿದ್ದಾರೆ. ಮಿದುಳಿನ ರಕ್ತನಾಳಗಳಲ್ಲಿ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಅದು ಕ್ಷಣಕ್ಷಣಕ್ಕೂ ಹೇಳುತ್ತದೆ. ಈಗ ತೊಟ್ಟಿಗೆ ನೀರು ಬಿಡುತ್ತಾರೆ. ಪಾದ ಮುಳುಗಿತು. ಮೀನಖಂಡ, ಮಂಡಿ, ತೊಡೆ, ಸೊಂಟ, ಹೊಟ್ಟೆ ಒಂದೊಂದಾಗಿ ಮುಳುಗಿದವು. ನೀರು ಹೃದಯದ ಮಟ್ಟಕ್ಕೆ ಬಂದು ನಿಂತಿತು. ಆ ಹುಡುಗ ಕೈ ಆಡಿಸಲಿಲ್ಲ, ಕಾಲು ಬಡಿಯಲಿಲ್ಲ, ಹೆಜ್ಜೆಯನ್ನೂ ಕಿತ್ತಿಡಲಿಲ್ಲ. ಆದರೂ ಅವನ ಮಿದುಳಿನ ನಡುವಣ ದೊಡ್ಡ ಅಪಧಮನಿಯಲ್ಲಿ ರಕ್ತದ ಓಟ ಶೇ. 14ರಷ್ಟು ಏರಿತ್ತು! ಹಿಂಬದಿಯ ಅಪಧಮನಿಯಲ್ಲಿ ಶೇ. 9ರಷ್ಟು!

ಬರೀ ನಿಂತದ್ದಕ್ಕೆ!

ಹೊವಾರ್ಡ್ ಕಾರ್ಟರ್, ಡೇನಿಯಲ್ ಗ್ರೀನ್ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ ಈ ಫಲಿತಾಂಶವನ್ನು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ. ಪಾಲ್ಗೊಂಡವರು 9 ಮಂದಿ ಅಷ್ಟೇ, ಅವರೂ ಎಳೆಯರು. ಆದರೆ ಆ ಪುಟ್ಟ ಪ್ರಯೋಗ ತೆರೆದಿಟ್ಟ ಪ್ರಶ್ನೆ ಎಷ್ಟು ದೊಡ್ಡದು ನೋಡಿ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಇರುವ ಮಿದುಳು, ನಾವು ಎಳೆದುಕೊಳ್ಳುವ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲನ್ನು ತಾನೇ ಬಳಸಿಕೊಳ್ಳುತ್ತದೆ. ವಯಸ್ಸಾಗುತ್ತ ಹೋದ ಹಾಗೆ ಅದಕ್ಕೆ ಸಿಗುವ ರಕ್ತ ಕಡಿಮೆಯಾಗುತ್ತ ಬರುತ್ತದೆ. ಹಾಗಿರುವಾಗ ಎದೆಮಟ್ಟದ ನೀರಿನಲ್ಲಿ ನಿಲ್ಲುವಷ್ಟರಿಂದಲೇ ಆ ಹರಿವು ಹೆಚ್ಚುತ್ತದೆ ಎಂದರೆ, ಅಲ್ಲಿ ನಡೆದರೆ, ಕುಣಿದರೆ, ಕಾಲು ಎತ್ತಿ ಇಳಿಸಿದರೆ ಏನಾದೀತು?

ಅದನ್ನೂ ಅವರು ನೋಡಿದರು. 2015ರಲ್ಲಿ ಬಂದ ಮುಂದಿನ ಅಧ್ಯಯನದಲ್ಲಿ ಮೆಟ್ಟಿಲು ಹತ್ತಿ ಇಳಿಯುವ ವ್ಯಾಯಾಮವನ್ನು ನೆಲದ ಮೇಲೊಮ್ಮೆ, ನೀರಿನಲ್ಲೊಮ್ಮೆ ಮಾಡಿಸಿದರು. ಎರಡೂ ಕಡೆ ಶ್ರಮ ಸಮ. ಮಿದುಳಿನ ರಕ್ತದ ಓಟ ಮಾತ್ರ ನೀರಿನಲ್ಲಿ ಹೆಚ್ಚು!

ಇದರ ಗುಟ್ಟು ನೀರಿನ ಒತ್ತಡದಲ್ಲಿದೆ. ಒಂದು ಮೀಟರ್ ಆಳದ ನೀರು ಸುಮಾರು 74 ಮಿಲಿಮೀಟರ್ ಪಾದರಸದಷ್ಟು ಒತ್ತುತ್ತದೆ. ಎದೆಮಟ್ಟದ ಕೊಳದಲ್ಲಿ ನಿಂತರೆ ನಿಮ್ಮ ಪಾದ 1.2 ಮೀಟರ್ ಆಳದಲ್ಲಿ ಇರುತ್ತದೆ ಎಂದಿಟ್ಟುಕೊಳ್ಳಿ, ಆಗ ಅದರ ಸುತ್ತಲಿನ ಒತ್ತಡ 90ರ ಹತ್ತಿರ. ಬಿ.ಪಿ. ನೋಡುವಾಗ ಡಾಕ್ಟರು 120/80 ಎನ್ನುತ್ತಾರಲ್ಲ, ಅದರ ಕೆಳಗಿನ ಸಂಖ್ಯೆಗಿಂತ ಹೆಚ್ಚು! ಮೇಲಕ್ಕೆ ಬಂದಂತೆ ಒತ್ತಡ ಇಳಿಯುತ್ತದೆ. ಹಾಗಾಗಿ, ಟೂತ್‌ಪೇಸ್ಟಿನ ಟ್ಯೂಬನ್ನು ಬುಡದಿಂದ ಹಿಂಡಿದಂತೆ, ಕಾಲಿನಲ್ಲಿ ಮಡುಗಟ್ಟಿದ ರಕ್ತ ಮೇಲಕ್ಕೆ ಎದೆಯ ಕಡೆಗೆ ಬರುತ್ತದೆ. ಎಷ್ಟು ಬರುತ್ತದೆ ಎಂದು ಸ್ವೀಡನ್ನಿನ ಅರ್ಬೊರೇಲಿಯಸ್ ಮತ್ತು ಸಂಗಡಿಗರು 1972ರಲ್ಲೇ ಅಳೆದಿದ್ದರು: ಕುತ್ತಿಗೆಯವರೆಗೆ ಮುಳುಗಿದವರಲ್ಲಿ ಸುಮಾರು 700 ಮಿಲಿಲೀಟರ್! ಎದೆಗೆ ಇಷ್ಟು ರಕ್ತ ಬಂದು ತುಂಬಿಕೊಂಡಾಗ ಹೃದಯ ಹಿಗ್ಗುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುತ್ತದೆ. ಅರ್ಬೊರೇಲಿಯಸ್ ತಂಡದ ಲೆಕ್ಕದಲ್ಲಿ ಹೃದಯ ಹೊರದೂಡುವ ರಕ್ತ ಮೂರನೇ ಒಂದು ಪಾಲಿನಷ್ಟು ಏರಿತ್ತು. ಅದರಲ್ಲಿ ಮಿದುಳಿಗೂ ಪಾಲಿದೆ.

ಇನ್ನು ನೀರು ಕೈಕಾಲಿಗೆ ಮಾಡುವ ಉಪಕಾರ. ಸೊಂಟದವರೆಗೆ ನೀರಿಗೆ ಇಳಿದರೆ ಕಾಲು ಹೊರಬೇಕಾದ ತೂಕ ಹೆಚ್ಚುಕಡಿಮೆ ಅರ್ಧ, ಎದೆಯವರೆಗೆ ಇಳಿದರೆ ಮೂರನೇ ಒಂದು ಪಾಲು, ಕುತ್ತಿಗೆಯವರೆಗೆ ಇಳಿದರೆ ಹತ್ತರಲ್ಲೊಂದು. 60 ಕಿಲೋ ತೂಗುವ ಅಜ್ಜಿಯ ಸವೆದ ಮಂಡಿ ಎದೆಮಟ್ಟದ ನೀರಿನಲ್ಲಿ ಸುಮಾರು 20 ಕಿಲೋ ಹೊತ್ತರೆ ಸಾಕು! ಮನೆಯಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವವರು ಅಲ್ಲಿ ಏನನ್ನೂ ಹಿಡಿಯದೆ ನಡೆಯುತ್ತಾರೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪೋಲಿಯೋ ಬಂದು ಕಾಲು ಸ್ವಾಧೀನ ತಪ್ಪಿದ ಮೇಲೆ 1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದದ್ದು, ಅಲ್ಲಿನ ಬೆಚ್ಚನೆಯ ಬುಗ್ಗೆ ನೀರಿಗೆ ಮನಸೋತು ಚಿಕಿತ್ಸಾಲಯವನ್ನೇ ಕಟ್ಟಿಸಿದ್ದು ಇದೇ ಗುಣಕ್ಕಾಗಿ.

ಹಗುರ ಮಾಡುವ ಅದೇ ನೀರು ತಡೆಯನ್ನೂ ಒಡ್ಡುತ್ತದೆ. ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ ಅದು. ನಿಧಾನ ನಡೆದರೆ ನಯವಾಗಿ ದಾರಿ ಬಿಡುತ್ತದೆ, ವೇಗ ಇಮ್ಮಡಿ ಮಾಡಿದರೆ ತಡೆ ನಾಲ್ಕು ಪಟ್ಟು! ಬೇರೆ ತೂಕದ ಬಿಲ್ಲೆ, ಯಂತ್ರ ಯಾವುದೂ ಬೇಡ. ಎಪ್ಪತ್ತರ ಮೃದು ಸ್ನಾಯುವಿಗೆ ಎಷ್ಟು ಬೇಕೋ ಅಷ್ಟು, ಹುರುಪಿನ ಅರವತ್ತಕ್ಕೆ ಎಷ್ಟು ಬೇಕೋ ಅಷ್ಟು ಭಾರವನ್ನು ನೀರು ಒಂದೇ ಕೊಳದಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಅಳೆದು ಕೊಡುತ್ತದೆ. ಅಲ್ಲಿ ಎಡವಿದರೂ ಧೊಪ್ಪನೆ ಬೀಳುವುದಿಲ್ಲ. ಮೈ ನಿಧಾನ ವಾಲುತ್ತದೆ, ಆ ಹೊತ್ತಿನಲ್ಲಿ ಮಿದುಳಿಗೆ ಯೋಚಿಸಲು ಬಿಡುವು ಸಿಗುತ್ತದೆ, ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಆಗುತ್ತದೆ. ಬೀಳುವ ಭಯ ಹೊತ್ತವರಿಗೆ ಬೀಳದಿರುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ.

ಇಲ್ಲಿಗೆ ನಡಿಗೆ ಮತ್ತು ಯೋಚನೆ ಒಂದನ್ನೊಂದು ಮುಟ್ಟುವ ಜಾಗಕ್ಕೆ ಬಂದೆವು. ನಡೆಯುವುದು ಕಾಲಿನ ಕೆಲಸ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಸ್ವೀಡನ್ನಿನ ಊಮಿಯೋ ಊರಿನ ಸಂಶೋಧಕರು 1997ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಪುಟ್ಟ ಬರಹವೊಂದು ಆ ನಂಬಿಕೆಯನ್ನು ಅಲುಗಿಸಿತು. ಅವರು ಮಾಡಿದ್ದು ಇಷ್ಟೇ: ಆರೈಕೆ ಕೇಂದ್ರದ 58 ಹಿರಿಯರ ಜೊತೆ ನಡೆಯುತ್ತ ನಡೆಯುತ್ತ ಮಾತು ತೆಗೆದರು. 12 ಮಂದಿ ಉತ್ತರ ಕೊಡಲು ನಿಂತುಬಿಟ್ಟರು. ನಡಿಗೆ, ಮಾತು ಎರಡನ್ನೂ ಒಟ್ಟಿಗೆ ನಿಭಾಯಿಸಲು ಅವರ ಮಿದುಳಿಗೆ ಆಗುತ್ತಿರಲಿಲ್ಲ. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು! ಎಕ್ಸ್‌ರೇ ಇಲ್ಲ, ಸ್ಕ್ಯಾನ್ ಇಲ್ಲ, ಒಂದು ಮಾತುಕತೆ ಅಷ್ಟನ್ನು ಮುಂಚಿತವಾಗಿ ಹೇಳಿತು. ನೆಲದ ಏರುತಗ್ಗು ಗಮನಿಸುವುದು, ಯಾವ ಕಾಲು ಮುಂದೆ ಎಂದು ತೀರ್ಮಾನಿಸುವುದು, ಎದುರು ಬಂದವರಿಗೆ ದಾರಿ ಬಿಡುವುದು, ಇವೆಲ್ಲ ಮಿದುಳಿನ ಮುಂಭಾಗದ ದುಡಿಮೆ. ನಿಮ್ಮ ಮನೆಯ ಹಿರಿಯರು ಮಾತಾಡಲು ನಡಿಗೆ ನಿಲ್ಲಿಸುತ್ತಾರೆಯೇ? ಇವತ್ತೇ ಗಮನಿಸಿ.

ನೀರಿನ ವ್ಯಾಯಾಮದ ತರಗತಿಗಳು ನಡಿಗೆ, ಯೋಚನೆ ಎರಡನ್ನೂ ಒಟ್ಟಿಗೆ ಹಿಡಿಯುತ್ತವೆ. ಮುಂದಕ್ಕೆ ನಡೆಯಿರಿ, ಹಿಂದಕ್ಕೆ ನಡೆಯಿರಿ, ಈಗ ಅಡ್ಡಡ್ಡ ಹೆಜ್ಜೆ. ಬಲಗೈ ಎಡ ಮಂಡಿಗೆ, ಎಡಗೈ ಬಲ ಮಂಡಿಗೆ. ಚಪ್ಪಾಳೆ ಕೇಳಿದೊಡನೆ ದಿಕ್ಕು ಬದಲಿಸಿ. ನೂರರಿಂದ ಮೂರು ಮೂರು ಕಳೆಯುತ್ತ ನಡೆಯಿರಿ. ಚೆಂಡು ಕೈಗೆ ಬಂದಾಗ ಒಂದು ತರಕಾರಿಯ ಹೆಸರು ಹೇಳಿ, ಆಚೆಯವರಿಗೆ ಎಸೆಯಿರಿ. ಮಕ್ಕಳಾಟದಂತೆ ಕಾಣುವ ಈ ಅರ್ಧ ಗಂಟೆಯಲ್ಲಿ ನೆನಪು, ಗಮನ, ತಡೆದು ಯೋಚಿಸುವ ಶಕ್ತಿ, ಸಮತೋಲನ ಎಲ್ಲಕ್ಕೂ ಏಕಕಾಲಕ್ಕೆ ಕಸರತ್ತು. ಜಪಾನಿನ ಜುನ್ ಕೊನ್ನೊ 1990ರ ದಶಕದಲ್ಲಿ ರೂಪಿಸಿದ ‘ಐ ಚಿ’ ಎಂಬ ಪದ್ಧತಿಯಂತೂ ಇನ್ನೂ ಸೊಗಸು. ಹೆಗಲಮಟ್ಟದ ಬೆಚ್ಚನೆ ನೀರಿನಲ್ಲಿ ನಿಂತು, ಉಸಿರಿನ ಲಯಕ್ಕೆ ಕೈ ಬಿಡಿಸಿ ಮಡಿಸುತ್ತ, ಕಾಲು ಬದಲಿಸುತ್ತ ಹೋಗುವುದು. ನೋಡುವವರಿಗೆ ನೃತ್ಯ, ಮಾಡುವವರಿಗೆ ತಪಸ್ಸು.

ವ್ಯಾಯಾಮದಿಂದ ಮಿದುಳು ನಿಜಕ್ಕೂ ಬದಲಾಗುತ್ತದೆಯೇ? ಬದಲಾಗುತ್ತದೆ, ಕಣ್ಣಿಗೆ ಕಾಣುವಷ್ಟು! ಅಮೆರಿಕದ ಕಿರ್ಕ್ ಎರಿಕ್ಸನ್ ಮತ್ತು ಸಂಗಡಿಗರು 2011ರಲ್ಲಿ 120 ಹಿರಿಯರ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷ ಬಿರುಸಾಗಿ ನಡೆದವರ ಮಿದುಳಿನಲ್ಲಿ ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗ ಶೇ. 2ರಷ್ಟು ದೊಡ್ಡದಾಗಿತ್ತು. ಮೈ ಹಿಗ್ಗಿಸುವ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಅದೇ ಭಾಗ ಕುಗ್ಗಿತ್ತು. ವಯಸ್ಸು ಕಸಿದುಕೊಂಡದ್ದನ್ನು ನಡಿಗೆ ಮರಳಿ ತಂದಿತ್ತು! ಆದರೆ ಅದು ನೆಲದ ಮೇಲಿನ ನಡಿಗೆ. ಮಂಡಿ ಊದಿದವರು, ಸೊಂಟ ಹಿಡಿದವರು, ಪಾದ ಮರಗಟ್ಟಿದ ಸಕ್ಕರೆ ಕಾಯಿಲೆಯವರು ವರ್ಷವಿಡೀ ಬಿರುಸಾಗಿ ನಡೆಯುವುದು ಹೇಗೆ? ನೀರಿನ ದೊಡ್ಡತನ ಇಲ್ಲಿಯೇ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೆಲ ಬಾಗಿಲು ಮುಚ್ಚಿದವರಿಗೂ ಅದು ವ್ಯಾಯಾಮದ ಬಾಗಿಲು ತೆರೆಯುತ್ತದೆ. ಮಂಡಿ, ಸೊಂಟದ ಸಂಧಿವಾತಕ್ಕೆ ನೀರಿನ ವ್ಯಾಯಾಮದ ಬಗ್ಗೆ 2016ರಲ್ಲಿ ಬಂದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ ವಿಮರ್ಶೆ 13 ಪ್ರಯೋಗಗಳನ್ನು, 1190 ಜನರನ್ನು ಒಟ್ಟಿಗೆ ನೋಡಿ, ನೋವೂ ಓಡಾಟದ ತೊಂದರೆಯೂ ತುಸು ಇಳಿಯುತ್ತವೆ, ಸದ್ಯದ ಮಟ್ಟಿಗಾದರೂ ಗುಣ ಕಾಣುತ್ತದೆ ಎಂದಿದೆ.

ಯೋಚನಾಶಕ್ತಿಯ ವಿಷಯದಲ್ಲಿ ನೆಲಕ್ಕಿಂತ ನೀರೇ ಮೇಲು ಎಂದು ತೀರ್ಪು ಕೊಡುವ ಕಾಲ ಇನ್ನೂ ಬಂದಿಲ್ಲ. ಪ್ರಯೋಗಗಳು ಸಣ್ಣವು, ಅವಧಿ ಕಡಿಮೆ. ಆದರೂ ಆಸ್ಟ್ರೇಲಿಯಾದಿಂದ ಬರುವ ಸುದ್ದಿಗಳು ಮೈ ಜುಮ್ಮೆನಿಸುತ್ತವೆ. ಸಿಡ್ನಿಯಲ್ಲಿ 70 ದಾಟಿದ 1667 ಗಂಡಸರನ್ನು ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಗಾಲ್ಫ್ ಆಡುವವರು, ಸೈಕಲ್ ತುಳಿಯುವವರು, ನಡೆಯುವವರು ಎಲ್ಲರೂ ಅದರಲ್ಲಿದ್ದರು. ಬೀಳುವ ಪ್ರಮಾಣ ಎದ್ದುಕಾಣುವಂತೆ, ಸುಮಾರು ಮೂರನೇ ಒಂದರಷ್ಟು, ಕಡಿಮೆ ಇದ್ದದ್ದು ಈಜುವವರಲ್ಲಿ! ಗಟ್ಟಿಮುಟ್ಟಾಗಿದ್ದವರೇ ಈಜಲು ಹೋಗಿರಬಹುದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ, ನಿಜ. ಆದರೂ ನೆಲದ ಮೇಲೆ ಬೀಳದಿರಲು ನೀರು ಕಲಿಸುತ್ತದೆ ಎಂಬ ಸೂಚನೆಯೇ ಎಂಥ ಬೆರಗು!

ಬ್ರಿಸ್ಬೇನ್‌ನಲ್ಲಿ ನಡೆದದ್ದು ಇನ್ನೂ ಮನ ಕಲಕುವಂಥದು. ಅಲ್ಲಿನ ಆರೈಕೆ ಕೇಂದ್ರಗಳಲ್ಲಿದ್ದ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಪೀಡಿತ ಹಿರಿಯರನ್ನು ವಾರಕ್ಕೆ ಎರಡು ಸಲದಂತೆ 12 ವಾರ ಕೊಳಕ್ಕೆ ಕರೆದೊಯ್ದರು. ‘ವಾಟರ್‌ಮೆಮೊರೀಸ್’ ಎಂದು ಆ ಈಜು ಕ್ಲಬ್ಬಿನ ಹೆಸರು. ಇದ್ದವರು ಕೆಲವೇ ಮಂದಿ. ಹೆಸರು, ದಿನ, ಊರು ಮರೆತಿರಬಹುದಾದ ಜನ. ಅವರ ಮನಸ್ಸಿನ ನೆಮ್ಮದಿ ಹೆಚ್ಚಿತು, ಚಡಪಡಿಕೆಯಂಥ ವರ್ತನೆಗಳು ಇಳಿದವು, ನೋಡಿಕೊಳ್ಳುವ ಸಿಬ್ಬಂದಿಯ ಮೇಲಿನ ಹೊರೆಯೂ ತಗ್ಗಿತು. ಚಿಕ್ಕಂದಿನಲ್ಲಿ ಕಲಿತ ಈಜು ನೆನಪಿನ ಬೇರೆಯೇ ಮೂಲೆಯಲ್ಲಿ ಕೂತಿರುತ್ತದೆ. ಮಾತಿನ ನೆನಪು ಸವೆದ ಮೇಲೂ ಮೈಯ ನೆನಪು ಬಹುಕಾಲ ಉಳಿಯುತ್ತದೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ನಮ್ಮ ಎಷ್ಟೋ ಹಿರಿಯರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲೋ ಹೊಳೆಯಲ್ಲೋ ಈಜು ಕಲಿತವರು. ಮದುವೆ, ಕೆಲಸ, ಪಟ್ಟಣ ಎಂದು ನೀರನ್ನು ಬಿಟ್ಟವರು ಮತ್ತೆ ಅದರ ಕಡೆ ತಿರುಗಿಲ್ಲ. ಅವರ ಮೈಯಲ್ಲಿ ಆ ಈಜು ಈಗಲೂ ಇದೆ! ಈಜು ಬಾರದವರಿಗೂ ಅಡ್ಡಿಯಿಲ್ಲ, ಕಾಲು ನೆಲಕ್ಕೆ ತಾಗುವ ನೀರಿನಲ್ಲಿ ನಡೆದರಾಯಿತು. ಮಕ್ಕಳ ಮನೆಗೆಂದು ಪರ್ತ್‌ಗೋ ಸಿಡ್ನಿಗೋ ಹೋಗಿ ತಿಂಗಳುಗಟ್ಟಲೆ ಇರುವ ಕನ್ನಡದ ಅಜ್ಜ ಅಜ್ಜಿಯರು ಹತ್ತಿರದ ಕೊಳದಲ್ಲಿ ಹಿರಿಯರ ತರಗತಿ ಇದೆಯೇ ಎಂದು ಮೊದಲ ವಾರವೇ ವಿಚಾರಿಸಲಿ.

ಇಳಿಯುವ ಮುನ್ನ ಡಾಕ್ಟರರನ್ನು ಕೇಳಲೇಬೇಕು. ಎದೆಗೆ ರಕ್ತ ನುಗ್ಗುವ ಆ ಚಮತ್ಕಾರವೇ ಹೃದಯ ಸೋತವರಿಗೆ ಅಪಾಯ ತರಬಲ್ಲದು. ಹತೋಟಿಗೆ ಬರದ ಬಿ.ಪಿ., ಮೂರ್ಛೆ ರೋಗ, ಮಾಯದ ಗಾಯ ಇದ್ದವರು ಇಳಿಯಬಾರದು. ನೀರು ಬೆಚ್ಚಗಿರಲಿ. ಚಿಕಿತ್ಸೆಯ ಕೊಳಗಳಲ್ಲಿ ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಇಡುತ್ತಾರೆ, ಚುರುಕು ವ್ಯಾಯಾಮಕ್ಕೆ 30ರ ಆಸುಪಾಸು ಸಾಕು. ಎದೆಗೆ ಬಂದ ರಕ್ತವನ್ನು ದೇಹ ‘ನೀರು ಹೆಚ್ಚಾಯಿತು’ ಎಂದು ತಿಳಿದು ಮೂತ್ರವಾಗಿ ಹೊರಹಾಕಲು ನೋಡುತ್ತದೆ. ಅದಕ್ಕೇ ಕೊಳದಲ್ಲಿ ಮೂತ್ರದ ಒತ್ತರ ಹೆಚ್ಚು. ಹಾಗೆಂದು ನೀರು ಕುಡಿಯುವುದನ್ನು ಬಿಡಬೇಡಿ. ಮೇಲೆ ಬರುವಾಗ ಒತ್ತಡ ಥಟ್ಟನೆ ತೆಗೆದಂತಾಗಿ ತಲೆ ಸುತ್ತಬಹುದು, ಕಂಬಿ ಹಿಡಿದು ನಿಧಾನ ಹತ್ತಿ. ಒಬ್ಬರೇ ಇಳಿಯಬೇಡಿ. ಕೆರೆ, ಹೊಳೆ, ಪಾಚಿ ಕಟ್ಟಿದ ಕಲ್ಯಾಣಿ ಈ ವಯಸ್ಸಿಗೆ ಬೇಡವೇ ಬೇಡ.

ಈಜುಕೊಳ ನಡೆಸುವವರಲ್ಲಿ, ನಗರ ಪಾಲಿಕೆಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಒಂದು ಬೇಡಿಕೆ. ಬೆಳಗಿನ ಬಿಸಿಲು ಏರಿದ ಮೇಲೆ ಮಕ್ಕಳೆಲ್ಲ ಶಾಲೆಯಲ್ಲಿರುವಾಗ ನಿಮ್ಮ ಕೊಳ ಖಾಲಿ ಬಿದ್ದಿರುತ್ತದೆ. ಆಗ ಒಂದು ಗಂಟೆ ಹಿರಿಯರಿಗೆ ಮೀಸಲಿಡಿ. ನೆಟ್ಟಗಿನ ಕಬ್ಬಿಣದ ಏಣಿಯ ಬದಲು ಅಗಲ ಮೆಟ್ಟಿಲು, ಎರಡೂ ಕಡೆ ಕಂಬಿ, ಜಾರದ ಹಾಸು ಹಾಕಿಸಿ. ಹೆಂಗಸರು ಮೈತುಂಬ ಮುಚ್ಚುವ ಈಜುಡುಗೆಯಲ್ಲಿ ಸಂಕೋಚವಿಲ್ಲದೆ ಇಳಿಯಲು ಬಿಡಿ. ಒಬ್ಬ ಜೀವರಕ್ಷಕರನ್ನೂ ಒಬ್ಬ ಫಿಸಿಯೋಥೆರಪಿಸ್ಟನ್ನೂ ದಡದಲ್ಲಿ ನಿಲ್ಲಿಸಿ. ನೀರು ನಿಮ್ಮಲ್ಲಿ ಆಗಲೇ ಇದೆ.