ನೀರು ಹೊಕ್ಕ ವಾಚು

ನೀರು ಹೊಕ್ಕ ವಾಚು ಬಂದರೆ ಬಿಚ್ಚಿ, ಒಣಗಿಸಿ, ತುಕ್ಕು ತೆಗೆಯುವುದು ನನ್ನ ಕೆಲಸ. ಚಿಕ್ಕೋಡಿಯಲ್ಲಿ ವಾಚು ರಿಪೇರಿಯೇ ನನ್ನ ಕಸುಬು. ಸ್ವಿಟ್ಜರ್ಲೆಂಡಿನ ಬ್ರೈಟ್ಲಿಂಗ್ ಕಂಪನಿ ಅಂಥದೊಂದು ವಾಚನ್ನು 2022ರಲ್ಲಿ ತುಕ್ಕು ಸಮೇತವೇ ಜನರ ಮುಂದಿಟ್ಟಿತು. ಅಮೆರಿಕದ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ 1962ರ ಮೇ 24ರಂದು ಅದನ್ನು ಕಟ್ಟಿಕೊಂಡು ಭೂಮಿಗೆ ಮೂರು ಸುತ್ತು ಹಾಕಿ, ಸಮುದ್ರಕ್ಕೆ ಇಳಿದಿದ್ದರು. ಬಾಹ್ಯಾಕಾಶದಲ್ಲಿ ಹಗಲು ರಾತ್ರಿ ಗೊಂದಲವಾಗುತ್ತದೆಂದು 24 ತಾಸಿನ ಡಯಲ್ ಬೇಕೆಂದು ಅವರೇ ಕೇಳಿದ್ದರು. ತುಕ್ಕು ತೆಗೆದಿದ್ದರೆ ಆ ಪಯಣದ ಸಾಕ್ಷಿಯೇ ಹೋಗುತ್ತಿತ್ತು.

ಈ ಬ್ರೈಟ್ಲಿಂಗ್ ಕಥೆ ಕೇಳಿದ ಕಾಗವಾಡದ ಹುಡುಗನೊಬ್ಬ ಕೇಳಿದ: "ಕಾಕಾ, ಟೈಮ್ ಮೊಬೈಲ್‌ನ್ಯಾಗೂ ಐತಿ. ಇದಕ್ಕ ಲಕ್ಷಗಟ್ಟಲೆ ರೊಕ್ಕ ಯಾಕ?"

ಬ್ರೈಟ್ಲಿಂಗಿನ ನ್ಯಾವಿಟೈಮರ್ ವಾಚು ಹುಟ್ಟಿದ್ದು 1952ರಲ್ಲಿ. ಡಯಲಿನ ಸುತ್ತಲಿನ ಅಂಚು ತಿರುಗಿಸಿ ಪೈಲಟ್ ಇಂಧನ, ವೇಗ, ದೂರದ ಲೆಕ್ಕ ಹಾಕಬಹುದಿತ್ತು. ಮೊದಲು ಉಪಯೋಗ, ಆಮೇಲೆ ಹೆಸರು. ಹೆಸರು ಬಂದ ಮೇಲೆ ಸಾಹಸಗಳಿಗೆ ಹಣ ಹಾಕುವುದು ಸುಲಭವಾಯಿತು. 1999ರಲ್ಲಿ ಬರ್ಟ್ರಾಂಡ್ ಪಿಕಾರ್ಡ್, ಬ್ರಿಯಾನ್ ಜೋನ್ಸ್ ಎಲ್ಲೂ ಇಳಿಯದೆ ಭೂಮಿ ಸುತ್ತಿದ ಬಲೂನಿನ ಹೆಸರೇ ಬ್ರೈಟ್ಲಿಂಗ್ ಆರ್ಬಿಟರ್ 3. ಸುದ್ದಿ ಅಚ್ಚಾದಲ್ಲೆಲ್ಲ ಕಂಪನಿಯ ಹೆಸರೂ ಅಚ್ಚಾಯಿತು. 2012ರಲ್ಲಿ ಸುಮಾರು 39 ಕಿ.ಮೀ. ಎತ್ತರದಿಂದ ಜಿಗಿದ ಫೀಲಿಕ್ಸ್ ಬೌಮ್‌ಗಾರ್ಟ್ನರ್ ಕೈಯಲ್ಲಿ ಜೆನಿತ್ ಎಂಬ ಇನ್ನೊಂದು ಕಂಪನಿಯ ವಾಚಿತ್ತು. ಕೆಲ್ಲಿ ಸ್ಲೇಟರ್‌ನಂಥ ಸರ್ಫರ್‌ಗಳನ್ನು ಸೇರಿಸಿಕೊಂಡ ಬ್ರೈಟ್ಲಿಂಗಿನ ಈಚಿನ ಪ್ರಚಾರ ಮಾತ್ರ ನನಗೆ ಹಿಡಿಸದು. ಅಲೆಯ ಮೇಲೆ ನಿಂತವನಿಗೆ ವಾಚಿನಿಂದ ಆಗುವ ಸಹಾಯ ಅಷ್ಟರಲ್ಲೇ ಇದೆ.

ಪೈಲಟ್ ಎಂಬ ಹೆಸರು ನಮ್ಮಲ್ಲೂ ಇತ್ತು. ಎಚ್‌ಎಂಟಿ ಪೈಲಟ್: ಕಪ್ಪು ಡಯಲ್, 17 ಜ್ಯುವೆಲ್, ದಿನಾ ಚಾವಿ ಕೊಡಬೇಕು. ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯಿಂದ ಇವತ್ತಿಗೂ ರಿಪೇರಿಗೆ ಬರುತ್ತವೆ. ಬಹಳಷ್ಟು ಮದುವೆಯಲ್ಲಿ ಮಾವ ಅಳಿಯನಿಗೆ ಕೊಟ್ಟವು. 1961ರಲ್ಲಿ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚಿನ ಘಟಕಗಳನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಕಥೆಗಳಿಗೆ ನಮ್ಮಲ್ಲೂ ಕೊರತೆ ಇರಲಿಲ್ಲ: ಬೆಳಗಾವಿಯ ಸಾಂಬ್ರಾದಲ್ಲೇ ವಾಯುಪಡೆಯ ತರಬೇತಿ ಶಾಲೆ ಇದೆ. ಅಲ್ಲಿ ಕಲಿತವರ ಕೈಯ ವಾಚುಗಳ ಕಥೆಯನ್ನು ಯಾರಾದರೂ ಕೂಡಿಸಿಟ್ಟಿದ್ದರೆ ಎಂದು ನನಗೆ ಬಹಳ ಅನಿಸುತ್ತದೆ.

ವಾಯುಪಡೆಯ ಕಥೆಯನ್ನು ವಾಚಿಗೆ ಜೋಡಿಸುವ ದಾರಿ ಈಗ ಹಿಡಿದವರು ನಿರುಪೇಶ್ ಜೋಶಿ, ಮರ್ಸಿ ಅಮಲ್‌ರಾಜ್ ದಂಪತಿ. ಅವರ ಬೆಂಗಳೂರು ವಾಚ್ ಕಂಪನಿಯ ಮ್ಯಾಕ್ 1 ವಾಚಿಗೆ ಪ್ರೇರಣೆ ಮಿಗ್-21. 1963ರಲ್ಲಿ ನಮ್ಮ ವಾಯುಪಡೆ ಸೇರಿದ ಆ ವಿಮಾನ 2025ರ ಸೆಪ್ಟೆಂಬರಿನಲ್ಲಿ ನಿವೃತ್ತವಾಯಿತು. ಮ್ಯಾಕ್ 1 ಇನ್ನೂ ನನ್ನ ಮೇಜಿಗೆ ಬಂದಿಲ್ಲ. ಬಂದರೆ ಮೊದಲು ಅದರ ಹಿಂಬದಿಯ ಮುಚ್ಚಳ ಬಿಚ್ಚಿ ನೋಡುವಾಸೆ.