ಮಕ್ಕಳ ರಕ್ತಹೀನತೆ: ಶಾಲೆ, ಮನೆ, ಊರು ಒಂದಾಗಬೇಕು

ಬೆಳಗಿನ ಎರಡು ಪಿರಿಯಡ್ ಮುಗಿಯುವಷ್ಟರಲ್ಲಿ ಆಕಳಿಸುವ ಮಗು, ಆಟದ ಬಯಲಿನಲ್ಲಿ ಒಂದು ಸುತ್ತು ಓಡಿ ಏದುಸಿರು ಬಿಡುತ್ತಾ ಕೂತುಬಿಡುವ ಹುಡುಗಿ, ಯಾರಿಗೂ ಕಾಣದಂತೆ ಬಳಪ ಕಡಿದು ತಿನ್ನುವ ಹುಡುಗ. ಇಂಥ ಮಕ್ಕಳು ಇಲ್ಲದ ಶಾಲೆ ನಮ್ಮಲ್ಲಿ ಅಪರೂಪ. ‘ಸೋಮಾರಿ’, ‘ದಡ್ಡ’, ‘ಗಮನವೇ ಇಲ್ಲ’ ಎಂದು ನಾವು ಅವರಿಗೆ ಹೆಸರಿಟ್ಟುಬಿಡುತ್ತೇವೆ. ಆದರೆ ಇವರಲ್ಲಿ ಅನೇಕರಿಗೆ ಇರುವುದು ಸೋಮಾರಿತನವಲ್ಲ, ರಕ್ತಹೀನತೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆಯಿತ್ತು. 15ರಿಂದ 19 ವರ್ಷದ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಈ ತೊಂದರೆ ಕಂಡುಬಂದಿತ್ತು. ಮಾತ್ರೆಗಳಿವೆ, ಬಿಸಿಯೂಟವಿದೆ, ಆರೋಗ್ಯ ಕಾರ್ಯಕರ್ತೆಯರಿದ್ದಾರೆ. ಆದರೂ ಈ ತೊಂದರೆ ಏಕೆ ಬಿಟ್ಟು ಹೋಗುತ್ತಿಲ್ಲ?

ರಕ್ತಹೀನತೆ ಎಂದರೇನು?

ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತು ಹಿಮೋಗ್ಲೋಬಿನ್. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮಿದುಳಿಗೆ, ಸ್ನಾಯುಗಳಿಗೆ ತಲುಪಿಸುವುದು ಇದರ ಕೆಲಸ. ಐದರಿಂದ ಹನ್ನೊಂದು ವರ್ಷದ ಮಕ್ಕಳ ರಕ್ತದಲ್ಲಿ ಇದು ಪ್ರತಿ 100 ಮಿಲಿ ಲೀಟರಿಗೆ ಕನಿಷ್ಠ 11.5 ಗ್ರಾಂ, ಹನ್ನೆರಡು ದಾಟಿದ ಮಕ್ಕಳಲ್ಲಿ ಕನಿಷ್ಠ 12 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣಾಂಶ ಬೇಕೇ ಬೇಕು. ನಮ್ಮ ಮಕ್ಕಳ ರಕ್ತಹೀನತೆಗೆ ಮುಖ್ಯ ಕಾರಣಗಳಲ್ಲೊಂದು ಈ ಕಬ್ಬಿಣಾಂಶದ ಕೊರತೆ.

ರೆಪ್ಪೆಯ ಒಳಭಾಗ, ನಾಲಗೆ ಮತ್ತು ಅಂಗೈ ಬಿಳಿಚಿಕೊಳ್ಳುವುದು, ಬೇಗ ಸುಸ್ತಾಗುವುದು, ಹಸಿವು ಇಲ್ಲದಿರುವುದು, ಸಿಡುಕು, ಮಣ್ಣು ಅಥವಾ ಬಳಪ ತಿನ್ನುವ ಚಟ ಇವು ಇದರ ಲಕ್ಷಣಗಳು. ಮಗು ಕೇಳಿದ ಪಾಠವನ್ನು ನೆನಪಿಟ್ಟುಕೊಳ್ಳಲು ಕಷ್ಟಪಡುತ್ತದೆ. ಹುಡುಗಿಯರ ವಿಷಯದಲ್ಲಿ ಇದು ಶಾಲೆಗಷ್ಟೇ ಮುಗಿಯುವುದಿಲ್ಲ. ರಕ್ತಹೀನತೆ ಹೊತ್ತುಕೊಂಡೇ ಗರ್ಭಿಣಿಯಾಗುವ ಹೆಣ್ಣುಮಗಳಿಗೆ ಹೆರಿಗೆಯಲ್ಲಿ ಪ್ರಾಣಾಪಾಯ ಹೆಚ್ಚು. ಆಕೆಯ ಕೂಸು ಕಡಿಮೆ ತೂಕದ್ದಾಗಿ ಹುಟ್ಟುವ ಸಂಭವವೂ ಹೆಚ್ಚು.

ಕಬ್ಬಿಣಾಂಶ ಸೋರುವ ದಾರಿಗಳು

ಮೊದಲನೆಯದು ಊಟ. ಅನ್ನ, ತಿಳಿಸಾರು, ಮೇಲೊಂದು ಲೋಟ ಕಾಫಿ ಇಷ್ಟರಲ್ಲೇ ದಿನ ಕಳೆದರೆ ಕಬ್ಬಿಣಾಂಶ ಸಾಕಾಗುವುದಿಲ್ಲ. ಎರಡನೆಯದು ಬೆಳವಣಿಗೆ. ಹತ್ತು ವರ್ಷ ದಾಟಿದ ಮೇಲೆ ಮೈ ಬೆಳೆಯುವ ವೇಗ ಹೆಚ್ಚುತ್ತದೆ, ಹುಡುಗಿಯರಿಗೆ ಮುಟ್ಟು ಆರಂಭವಾಗುತ್ತದೆ. ಆಗ ಬೇಡಿಕೆ ಏರುತ್ತದೆ, ಒದಗಣೆ ಮಾತ್ರ ಹಳೆಯದೇ ಇರುತ್ತದೆ.

ಮೂರನೆಯದು ಕೊಕ್ಕೆಹುಳು. ಇದರ ಮೊಟ್ಟೆ ರೋಗಿಯ ಮಲದ ಮೂಲಕ ಮಣ್ಣು ಸೇರಿ ಅಲ್ಲಿ ಮರಿಯಾಗುತ್ತದೆ. ನೆರಳಿನ, ತೇವದ ಮಣ್ಣಿನಲ್ಲಿ ಈ ಮರಿಗಳು ಮೂರು ನಾಲ್ಕು ವಾರ ಬದುಕಬಲ್ಲವು. ಬರಿಗಾಲಲ್ಲಿ ಓಡಾಡುವ ಮಗುವಿನ ಪಾದದ ಚರ್ಮವನ್ನು ತೂರಿ ಒಳಹೋಗಿ, ರಕ್ತದ ಮೂಲಕ ಶ್ವಾಸಕೋಶ ತಲುಪಿ, ಗಂಟಲಿಗೆ ಏರಿ, ಅಲ್ಲಿಂದ ನುಂಗಲ್ಪಟ್ಟು ಕರುಳು ಸೇರುತ್ತವೆ. ಅಲ್ಲಿ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ವರ್ಷಗಟ್ಟಲೆ ರಕ್ತ ಹೀರುತ್ತವೆ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಊಟ ಮನೆಯ ಕೈಯಲ್ಲಿದೆ. ಮಾತ್ರೆ ಶಾಲೆಯ ಕೈಯಲ್ಲಿದೆ. ಮಣ್ಣು ಊರಿನ ಕೈಯಲ್ಲಿದೆ. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಜಾರಿದರೂ ಪಾತ್ರೆ ಉರುಳುತ್ತದೆ. ರಕ್ತಹೀನತೆಯ ವಿಷಯದಲ್ಲಿ ಆಗುತ್ತಿರುವುದೂ ಅದೇ.

ಮಾತ್ರೆ ಹೊಟ್ಟೆ ಸೇರದಿರುವುದೇಕೆ?

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಸೇರಿದ ಮಾತ್ರೆ ಕೊಡುವ ಕಾರ್ಯಕ್ರಮವಿದೆ. ಕಿರಿಯ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು. 2015ರಿಂದ ಜಂತುಹುಳು ನಿವಾರಣಾ ದಿನವೂ ನಡೆಯುತ್ತಿದೆ. ಸಾಮಾನ್ಯವಾಗಿ ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಅಗಿದು ತಿನ್ನಲು ಕೊಡುತ್ತಾರೆ.

ಆದರೆ ಶಾಲೆ ಕೊಟ್ಟದ್ದೆಲ್ಲ ಮಗುವಿನ ಹೊಟ್ಟೆ ಸೇರುತ್ತದೆಂದು ತಿಳಿಯಬೇಡಿ. ಮಾತ್ರೆ ನುಂಗಿದ ಮಗುವಿಗೆ ಒಮ್ಮೆ ಹೊಟ್ಟೆ ತೊಳಸುತ್ತದೆ. ಮರುದಿನ ಮಲ ಕಪ್ಪಾಗುತ್ತದೆ. ತಾಯಿ ಹೆದರುತ್ತಾಳೆ. ‘ಇನ್ನು ಮೇಲೆ ಬಾಯಿಗೆ ಹಾಕಿಕೊಂಡಂತೆ ಮಾಡಿ ಆಚೆ ಉಗಿದುಬಿಡು’ ಎನ್ನುತ್ತಾಳೆ. ಅಕ್ಕಪಕ್ಕದ ಮನೆಗೂ ಸುದ್ದಿ ಹಬ್ಬುತ್ತದೆ. ಮುಂದಿನ ವಾರ ಅರ್ಧ ತರಗತಿಯ ಮಾತ್ರೆಗಳು ಕಿಟಕಿಯಾಚೆ ಬಿದ್ದಿರುತ್ತವೆ, ಶಾಲೆಯ ಪುಸ್ತಕದಲ್ಲಿ ಮಾತ್ರ ಎಲ್ಲರ ಹೆಸರಿನ ಮುಂದೆ ಗುರುತು ಬಿದ್ದಿರುತ್ತದೆ.

ಇಲ್ಲಿ ತಾಯಿಯನ್ನು ದೂರುವಂತಿಲ್ಲ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಅದರಿಂದ ಅಪಾಯವಿಲ್ಲ ಎಂಬ ಒಂದು ಮಾತನ್ನು ಆಕೆಗೆ ಮೊದಲೇ ಯಾರೂ ಹೇಳಿರಲಿಲ್ಲ. ಮಾತ್ರೆಗಿಂತ ಮೊದಲು ಮಾತು ಮನೆ ತಲುಪಬೇಕು. ಶಾಲೆಯ ಮೇಲೆ ಮನೆಗೆ ನಂಬಿಕೆ ಇದ್ದರೆ ಮಾತ್ರ ಮಗು ಮಾತ್ರೆ ನುಂಗುತ್ತದೆ. ಆ ನಂಬಿಕೆ ಮಾತ್ರೆ ಹಂಚುವ ದಿನ ಹುಟ್ಟುವುದಲ್ಲ, ಅದಕ್ಕೆ ಮೊದಲು ಕಟ್ಟಬೇಕಾದದ್ದು.

ಶಿಕ್ಷಕರು ಮಾಡಬಹುದಾದದ್ದು

ತಂದೆತಾಯಿಯನ್ನು ಬಿಟ್ಟರೆ ಮಗುವನ್ನು ದಿನವೂ ಗಂಟೆಗಟ್ಟಲೆ ನೋಡುವವರು ಶಿಕ್ಷಕರು. ಹೋದ ತಿಂಗಳು ಚುರುಕಾಗಿದ್ದ ಮಗು ಈ ತಿಂಗಳು ಮಂಕಾಗಿದ್ದರೆ ಅವರಿಗೆ ಬೇಗ ತಿಳಿಯುತ್ತದೆ. ಆಗ ಗದರಿಸುವ ಬದಲು ಪಾಲಕರನ್ನು ಕರೆಸಿ, ಇತರ ಮಕ್ಕಳ ಎದುರಿಗಲ್ಲದೆ, ನಿಧಾನವಾಗಿ ಮಾತಾಡಲಿ. ‘ನಿಮ್ಮ ಮಗಳು ಓದುವುದಿಲ್ಲ’ ಎಂದು ಆರಂಭಿಸಿದ ಮಾತು ಮುಂದುವರಿಯುವುದಿಲ್ಲ. ‘ಮಗಳು ಬೇಗ ಸುಸ್ತಾಗುತ್ತಾಳೆ, ಮನೆಯಲ್ಲಿ ಹೇಗಿದ್ದಾಳೆ?’ ಎಂದು ಕೇಳಿದರೆ ತಾಯಿಯೇ ಹತ್ತು ವಿಷಯ ಹೇಳುತ್ತಾಳೆ.

ಮಾತ್ರೆಯನ್ನು ಬಿಸಿಯೂಟವಾದ ಮೇಲೆಯೇ ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ಬೇಡ. ಶಾಲೆಯಲ್ಲಿ ಬೆಳಗ್ಗೆ ಕೊಡುವ ಹಾಲಿನ ಜೊತೆಗೂ ಬೇಡ, ಹಾಲಿನ ಸುಣ್ಣದಂಶ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಮಕ್ಕಳ ಎದುರು ಶಿಕ್ಷಕರೂ ಒಂದು ಮಾತ್ರೆ ನುಂಗಿ ತೋರಿಸಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಜ್ವರ ಅಥವಾ ಬೇರೆ ಕಾಯಿಲೆಯಿರುವ ಮಗುವಿಗೆ ಆ ದಿನ ಯಾವ ಮಾತ್ರೆಯೂ ಬೇಡ. ಗುಣವಾದ ಮೇಲೆ ಕೊಡಬಹುದು.

ಮನೆಯವರು ಮಾಡಬಹುದಾದದ್ದು

ದುಬಾರಿ ಟಾನಿಕ್ಕು ಬೇಕಾಗಿಲ್ಲ. ನುಗ್ಗೆಸೊಪ್ಪು, ಹರಿವೆ, ದಂಟಿನ ಸೊಪ್ಪು, ಹುರುಳಿ, ಅಲಸಂದೆ, ಹೆಸರುಕಾಳು, ಎಳ್ಳು ಇವು ವಾರದಲ್ಲಿ ಹಲವು ಸಲ ತಟ್ಟೆಗೆ ಬರಲಿ. ಕಾಳುಗಳನ್ನು ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಮಾಂಸ ತಿನ್ನುವವರಿಗೆ ಮಾಂಸ, ಮೀನು, ಈಲಿಯಿಂದ ಕಬ್ಬಿಣಾಂಶ ಸುಲಭವಾಗಿ ಸಿಗುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ. ಊಟದ ಜೊತೆ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಕೊಡಿ. ಇವುಗಳಲ್ಲಿರುವ ‘ಸಿ’ ಜೀವಸತ್ವ ಕಬ್ಬಿಣಾಂಶವನ್ನು ಮೈಗೆ ಹತ್ತಿಸುತ್ತದೆ. ಊಟದ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ಬೀಟ್‌ರೂಟ್ ಕೆಂಪಗಿದೆಯೆಂದು ಅದೇ ರಕ್ತವಾಗುತ್ತದೆಂಬುದು ಬರೀ ನಂಬಿಕೆ.

ಮನೆಯಲ್ಲಿ ಹೆಣ್ಣುಮಕ್ಕಳು ಕೊನೆಗೆ, ಉಳಿದದ್ದನ್ನು ಉಣ್ಣುವ ರೂಢಿ ಎಷ್ಟೋ ಕಡೆ ಇನ್ನೂ ಇದೆ. ಹೆಚ್ಚು ಕಬ್ಬಿಣಾಂಶ ಬೇಕಾದವಳಿಗೇ ಕಡಿಮೆ ಸಿಗುವಂತಾದರೆ ಮಾತ್ರೆ ಎಷ್ಟನ್ನು ತುಂಬೀತು? ಮಕ್ಕಳಿಗೆಲ್ಲ ಒಟ್ಟಿಗೆ ಬಡಿಸಿ.

ರಜೆಗೆಂದು ಮಾತ್ರೆಗಳನ್ನು ಮನೆಗೆ ಕೊಟ್ಟಾಗ ಪುಟ್ಟ ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಬಣ್ಣದ ಮಿಠಾಯಿಯೆಂದು ಹಲವಾರು ಮಾತ್ರೆ ಒಟ್ಟಿಗೆ ನುಂಗಿದರೆ ಚಿಕ್ಕ ಮಗುವಿನ ಜೀವಕ್ಕೇ ಅಪಾಯ. ಹಾಗಾದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಊರು ಮಾಡಬಹುದಾದದ್ದು

ಜಂತುಹುಳುವಿನ ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ, ಮಣ್ಣಿನಲ್ಲಿರುವುದನ್ನು ಅಲ್ಲ. ಬಯಲಿಗೆ ಹೋಗುವುದು ನಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮಗುವಿನ ಕರುಳಿಗೆ ಹೊಸ ಹುಳುಗಳು ಸೇರುತ್ತವೆ. ಒಂದು ಮನೆಯವರು ಕಕ್ಕಸು ಕಟ್ಟಿಸಿಕೊಂಡರೆ ಸಾಲದು, ಪಕ್ಕದ ಮನೆಯವರೂ ಬಳಸಬೇಕು. ಶಾಲೆಯ ಶೌಚಾಲಯಕ್ಕೆ ನೀರು ಬರಬೇಕು, ಕೈತೊಳೆಯಲು ಸಾಬೂನು ಇರಬೇಕು, ಮಕ್ಕಳ ಕಾಲಲ್ಲಿ ಚಪ್ಪಲಿ ಇರಬೇಕು. ಇದನ್ನು ಒಬ್ಬ ಮುಖ್ಯೋಪಾಧ್ಯಾಯರು ಮಾಡಿಸಲಾರರು.

ಇದಕ್ಕೆಂದು ಹೊಸ ಸಂಘ ಕಟ್ಟಬೇಕಾಗಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಪಾಲಕರೇ ಅದರ ಸದಸ್ಯರು. ಕಟ್ಟಡ, ಬಣ್ಣ, ಸುತ್ತುಗೋಡೆಯ ಮಾತಿನಲ್ಲೇ ಸಭೆ ಮುಗಿಸದೆ ಮಕ್ಕಳ ಆರೋಗ್ಯಕ್ಕೂ ಅರ್ಧ ಗಂಟೆ ಇಡಲಿ. ಆ ಸಭೆಗೆ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯವರು, ಪಂಚಾಯಿತಿ ಸದಸ್ಯರನ್ನೂ ಕರೆಯಲಿ. ಜಂತುಹುಳು ನಿವಾರಣಾ ದಿನಕ್ಕೆ ಒಂದು ವಾರ ಮೊದಲು ಇಂಥ ಸಭೆ ನಡೆದು, ಮಾತ್ರೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಅರಿತವರು ಬಿಡಿಸಿ ಹೇಳಿದರೆ ಗಾಳಿಮಾತಿಗೆ ಎಡೆಯಿರುವುದಿಲ್ಲ. ಪಟ್ಟಣದ ಖಾಸಗಿ ಶಾಲೆಗಳ ಪಾಲಕರ ಸಭೆಗಳಿಗೂ ಈ ಮಾತು ಸಲ್ಲುತ್ತದೆ. ಸಿರಿವಂತರ ಮಕ್ಕಳಿಗೆ ರಕ್ತಹೀನತೆ ಬಾರದೆಂದೇನೂ ಇಲ್ಲ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ವಾರದ ಮಾತ್ರೆ ರಕ್ತಹೀನತೆ ಬಾರದಂತೆ ತಡೆಯಲು ಇರುವಂಥದು. ಈಗಾಗಲೇ ರಕ್ತಹೀನತೆ ಇರುವ ಮಗುವಿಗೆ ಅದು ಸಾಲದು. ಮೇಲೆ ಹೇಳಿದ ಲಕ್ಷಣಗಳಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದಷ್ಟು ಕಾಲ ದಿನವೂ ಔಷಧಿ ಕೊಡಬೇಕಾಗಬಹುದು. ಮುಖ ಕಳೆಗಟ್ಟಿತೆಂದು ನಡುವೆ ನಿಲ್ಲಿಸಬೇಡಿ. ತಲಸ್ಸೇಮಿಯಾ, ಕುಡುಗೋಲು ಕಣ ರೋಗದಂಥ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಮನೆತನದಲ್ಲಿದ್ದರೆ ವೈದ್ಯರನ್ನು ಕೇಳದೆ ಕಬ್ಬಿಣಾಂಶದ ಮಾತ್ರೆ ಕೊಡಬಾರದು. ಈ ವಿಷಯವನ್ನು ಶಾಲೆಗೂ ತಿಳಿಸಿರಿ. ಮಗುವಿಗೆ ಉಸಿರಾಟ ಕಷ್ಟವಾದರೆ, ಕಾಲು ಊದಿಕೊಂಡರೆ, ತಲೆಸುತ್ತಿ ಬಿದ್ದರೆ ಕಾಯುತ್ತ ಕೂರಬೇಡಿ.

ಮುಂದಿನ ಸಲ ಪಾಲಕರ ಸಭೆಗೆ ಕರೆ ಬಂದಾಗ ‘ಅಂಕಪಟ್ಟಿಗೆ ಸಹಿ ಹಾಕಿ ಬಂದರಾಯಿತು’ ಎಂದುಕೊಳ್ಳಬೇಡಿ. ಮಗುವಿನ ಅಂಕ ಎಷ್ಟೆಂದು ಕೇಳುವ ಮೊದಲು, ಮಗು ಊಟ ಮಾಡುತ್ತದೆಯೇ, ಆಡುತ್ತದೆಯೇ, ಮಾತ್ರೆ ನುಂಗುತ್ತದೆಯೇ ಎಂದು ಕೇಳಿ. ಮನೆಯಲ್ಲಿ ನೀವು ಕಂಡದ್ದನ್ನೂ ಶಿಕ್ಷಕರಿಗೆ ಹೇಳಿ.