ಫಿಟ್ಸ್ ಮತ್ತು ಕರೆಂಟ್: ನಂಬಿಕೆ ಯಾವುದು, ನಿಜ ಯಾವುದು?

ನವಿ ಮುಂಬೈಯ ವಾಶಿ ಸ್ಟೇಷನ್ನಿನಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಒಬ್ಬರು ‘ಕಾಂದಾ (ಈರುಳ್ಳಿ) ಮೂಸಿಸಿ’ ಎನ್ನುತ್ತಾರೆ, ಇನ್ನೊಬ್ಬರು ‘ಬೀಗದ ಕೈ ಹಿಡಿಸಿ’ ಎನ್ನುತ್ತಾರೆ. ಈರುಳ್ಳಿಯ ದೊಡ್ಡ ಮಂಡಿಯೇ ಇರುವ ಊರಿನಲ್ಲಿ ಕಾಂದಾಕ್ಕೆ ಬರವಿಲ್ಲ, ಸಲಹೆಗೂ ಇಲ್ಲ.

ತಪ್ಪು ಕಲ್ಪನೆ: ಕಬ್ಬಿಣ ಹಿಡಿಸಿದರೆ ಮೈಯ ಕರೆಂಟ್ ಇಳಿದುಹೋಗುತ್ತದೆ.
ಸತ್ಯ: ಫಿಟ್ಸ್, ಅಂದರೆ ಸೆಳವು, ವಿದ್ಯುತ್ತಿನ ಏರುಪೇರು ಎಂಬುದು ದಿಟ. ಆದರೆ ಅದು ನಡೆಯುವುದು ಮಿದುಳಿನ ನರಕೋಶಗಳ ಒಳಗೆ. ಅಂಗೈಯ ಕಬ್ಬಿಣಕ್ಕೆ ಅಲ್ಲಿಗೆ ದಾರಿಯಿಲ್ಲ. ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷದಲ್ಲಿ ತಾವೇ ನಿಲ್ಲುತ್ತವೆ, ಹೆಸರು ಮಾತ್ರ ಬೀಗದ ಕೈಗೆ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ತಪ್ಪು ಕಲ್ಪನೆ: ಮಿದುಳಿಗೆ ಕರೆಂಟ್ ಕೊಟ್ಟರೆ ಫಿಟ್ಸ್ ಬರುತ್ತದೆಯೇ ಹೊರತು ನಿಲ್ಲುವುದಿಲ್ಲ.
ಸತ್ಯ: ಎರಡೂ ಆಗುತ್ತದೆ. 1960ರ ದಶಕದಲ್ಲಿ ಸಂಶೋಧಕ ಗ್ರಹಾಂ ಗೊಡಾರ್ಡ್ ಇಲಿಗಳ ಮಿದುಳಿಗೆ ದಿನವೂ ಅಲ್ಪ ವಿದ್ಯುತ್ ಕೊಟ್ಟರು. ಮೊದಮೊದಲು ಏನೂ ಆಗದ ಇಲಿಗಳಿಗೆ ಬರಬರುತ್ತಾ ಸೆಳವು ಶುರುವಾಯಿತು. 1995ರಲ್ಲಿ ಸಂಶೋಧಕಿ ಸೂಸನ್ ವೈಸ್ ಮತ್ತು ಸಂಗಡಿಗರು ಸೆಕೆಂಡಿಗೆ ಒಂದರಂತೆ ನಿಧಾನದ ಮಿಡಿತ ಕೊಟ್ಟು ಅಂಥದೇ ಸೆಳವು ತಗ್ಗಿತೆಂದು ವರದಿ ಮಾಡಿದರು. ಎಷ್ಟು, ಎಲ್ಲಿ, ಯಾವ ಲಯದಲ್ಲಿ ಕೊಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ತಪ್ಪು ಕಲ್ಪನೆ: ಇದೇ ಅಲ್ಲವೇ ಷಾಕ್ ಟ್ರೀಟ್‌ಮೆಂಟ್?
ಸತ್ಯ: ಅಲ್ಲ. ತೀವ್ರ ಖಿನ್ನತೆ ಮುಂತಾದವಕ್ಕೆ ಕೊಡುವ ಆ ಚಿಕಿತ್ಸೆಯಲ್ಲಿ, ಅರಿವಳಿಕೆ ಕೊಟ್ಟು, ಬೇಕೆಂದೇ ಸೆಳವು ಬರಿಸುತ್ತಾರೆ. ಇಲ್ಲಿಯ ಉದ್ದೇಶ ಅದಕ್ಕೆ ತದ್ವಿರುದ್ಧ.

ತಪ್ಪು ಕಲ್ಪನೆ: ಕರೆಂಟ್ ಸದಾ ಹರಿಯುತ್ತಿರಬೇಕು.
ಸತ್ಯ: ಬೇಕಿಲ್ಲ. 2012ರಲ್ಲಿ ನರವಿಜ್ಞಾನಿ ಜಾರ್ಜಿ ಬುಜಾಕಿ ಅವರ ತಂಡ ಇಲಿಗಳ ಮಿದುಳಿನ ಅಲೆಗಳನ್ನು ಯಂತ್ರದಿಂದ ಗಮನಿಸುತ್ತಾ ಕಾಯಿತು. ಸೆಳವಿನ ಅಲೆ ಎದ್ದಾಗ ಮಾತ್ರ ಮಿಡಿತ ಹೊರಡುತ್ತಿತ್ತು, ಸೆಳವು ಬೇಗ ಮುಗಿಯುತ್ತಿತ್ತು. ಹೀಗೆ ಕಾದು ಸ್ಪಂದಿಸುವ, ತಲೆಬುರುಡೆಯಲ್ಲಿ ಕೂರಿಸುವ ಸಾಧನವೊಂದಕ್ಕೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು.

ತಪ್ಪು ಕಲ್ಪನೆ: ಇಲಿಗೆ ಗುಣವಾಯಿತೆಂದರೆ ನಮಗೂ ಆದಂತೆ, ಇನ್ನು ಗುಳಿಗೆ ಬೇಡ.
ಸತ್ಯ: ಮಿದುಳಿನ ಆಳಕ್ಕೆ ವಿದ್ಯುತ್ ಕೊಡುವ ಚಿಕಿತ್ಸೆಯನ್ನು ಔಷಧಕ್ಕೆ ಬಗ್ಗದ 110 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2010ರಲ್ಲಿ ಬಂತು. ಮೊದಲ ಮೂರು ತಿಂಗಳ ಕೊನೆಗೆ ಸಾಧನ ಚಾಲೂ ಇದ್ದವರಲ್ಲಿ ಸೆಳವು ಸುಮಾರು ಶೇ. 40ರಷ್ಟು ಇಳಿದಿತ್ತು. ಸಾಧನ ಕೂರಿಸಿಯೂ ಚಾಲೂ ಮಾಡದವರಲ್ಲೂ ಸುಮಾರು ಶೇ. 15 ಇಳಿದಿತ್ತು! ಇದು ಹತೋಟಿ, ಗುಣವಲ್ಲ, ಗುಳಿಗೆಯೂ ಜೊತೆಗಿರಬೇಕು. ಅಪಸ್ಮಾರ, ಅಂದರೆ ಮತ್ತೆಮತ್ತೆ ಸೆಳವು ಬರುವ ಕಾಯಿಲೆ, ಇರುವ ಹತ್ತರಲ್ಲಿ ಆರೇಳು ಮಂದಿಗೆ ಗುಳಿಗೆಯೊಂದೇ ಸಾಕಾಗುತ್ತದೆ.

ಎಲ್ಲ ಸೆಳವೂ ಒಂದೇ ಬಗೆಯದಲ್ಲ. ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ, ಬೆಂಗಳೂರಿನ ನಿಮ್ಹಾನ್ಸ್ ಇಲಿಗಳ ಮೇಲೂ ಅಧ್ಯಯನ ಮಾಡಿದ ‘ಬಿಸಿನೀರಿನ ಅಪಸ್ಮಾರ’ವಂತೂ ತಲೆಗೆ ಸುಡುನೀರು ಹುಯ್ದುಕೊಂಡಾಗ ಬರುವಂಥದ್ದು. ಅಂಥ ಹಲವರಿಗೆ ನೀರಿನ ಬಿಸಿ ತಗ್ಗಿಸಿದರೇ ಅರ್ಧ ಚಿಕಿತ್ಸೆ. ಆದ್ದರಿಂದ ತಮ್ಮದು ಯಾವ ಬಗೆಯ ಸೆಳವು ಎಂದು ನರರೋಗ ತಜ್ಞರಿಂದ ತಿಳಿಯುವುದು ಮೊದಲ ಕೆಲಸ. ಮಿದುಳಿಗೆ ಕರೆಂಟ್ ಕೊಡುವ ಮಾತು ಗುಳಿಗೆ ಸೋತ ಮೇಲಿನದು.